ಜೆ.ಸಿ. ರೋಡಿನಲ್ಲಿ ಒಂದು ರಬ್ಬರ್ ಉಂಗುರಕ್ಕಾಗಿ

ಬೆಂಗಳೂರಿನ ಟೌನ್‌ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗೆ ನಡೆದರೆ ಹೆಚ್ಚೆಂದರೆ ಇಪ್ಪತ್ತು ನಿಮಿಷದ ದಾರಿ. ಆದರೆ ಹಳೇ ಗಾಡಿ ಇಟ್ಟುಕೊಂಡವರು ಯಾರೂ ಇಪ್ಪತ್ತು ನಿಮಿಷಕ್ಕೆ ಅದನ್ನು ಮುಗಿಸಲ್ಲ. ಪ್ರತಿ ಹತ್ತು ಹೆಜ್ಜೆಗೊಂದು ಅಂಗಡಿ, ಪ್ರತಿ ಅಂಗಡಿಯ ಮುಂದೆ ನೇತುಬಿದ್ದ ಏನೋ ಒಂದು ಸಾಮಾನು. ಸೀಟ್ ಕವರ್, ಹಾರ್ನು, ಹೆಡ್‌ಲೈಟು, ಸೈಲೆನ್ಸರು, ಕೇಬಲ್ಲುಗಳ ಗೊಂಚಲು. ಕಾಗದದಲ್ಲಿ ಇದರ ಹೆಸರು ಜಯಚಾಮರಾಜೇಂದ್ರ ರಸ್ತೆ, ಮೈಸೂರಿನ ಕೊನೆಯ ಮಹಾರಾಜರ ಹೆಸರು. ಬಾಯಲ್ಲಿ ಮಾತ್ರ ಜೆ.ಸಿ. ರೋಡ್.

ಈ ರಸ್ತೆಗೆ ಎರಡು ಮುಖ. ಟೌನ್‌ಹಾಲ್ ತುದಿಯಲ್ಲಿ 1935ರ ಆ ದಪ್ಪ ಕಂಬಗಳ ಕಟ್ಟಡ. ಸ್ವಲ್ಪ ಮುಂದೆ ಬಂದರೆ ರವೀಂದ್ರ ಕಲಾಕ್ಷೇತ್ರ. ಟ್ಯಾಗೋರರ ಜನ್ಮಶತಮಾನೋತ್ಸವದ ನೆನಪಿಗೆ ಕಟ್ಟಿ 1963ರಲ್ಲಿ ಬಾಗಿಲು ತೆರೆದದ್ದು. ಅದರ ಹಿಂದೆ ಸಂಸ ಬಯಲು ರಂಗಮಂದಿರ, ಅಲ್ಲೇ ಕನ್ನಡ ಭವನ. ಸಂಜೆ ನಾಟಕಕ್ಕೆ ಬರುವವರಿಗೆ ಇದು ಕಲಾಕ್ಷೇತ್ರದ ರಸ್ತೆ. ಬೆಳಗ್ಗೆ ಹತ್ತು ಗಂಟೆಗೆ ಷಟರ್ ಎತ್ತುವವರಿಗೆ ಇದು ಪಿಸ್ಟನ್ನು, ಬೇರಿಂಗು, ಗ್ಯಾಸ್ಕೆಟ್ಟುಗಳ ರಸ್ತೆ. ನಾನು ಕಾಲೇಜಿನ ದಿನಗಳಲ್ಲಿ ಮೊದಲ ಗುಂಪಿನವನಾಗಿ ಇಲ್ಲಿಗೆ ಬರುತ್ತಿದ್ದೆ. ಈ ಸಲ ಎರಡನೇ ಗುಂಪಿಗೆ ಸೇರಿದ್ದೆ. ಹುಡುಕುತ್ತಿದ್ದದ್ದು ಎರಡು ಆಯಿಲ್ ಸೀಲ್. ಅಂಗೈಯಲ್ಲಿ ಮುಚ್ಚಿಟ್ಟುಕೊಳ್ಳಬಹುದಾದ ರಬ್ಬರ್ ಉಂಗುರಗಳು.

ಗುಜರಿಗೋ, ಗ್ಯಾರೇಜಿಗೋ?

ಅಪ್ಪನ ಬಜಾಜ್ ಚೇತಕ್ ಮನೆಗೆ ಬಂದದ್ದು 1985ರಲ್ಲಿ. ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಈಗ ಆ್ಯಪ್‌ನಲ್ಲಿ ಬುಕ್ ಮಾಡಿದ ವಸ್ತು ಎರಡು ದಿನ ತಡವಾದರೆ ನಮಗೆ ಸಿಟ್ಟು ಬರುತ್ತೆ. ಆಗ ಸ್ಕೂಟರಿನ ರಸೀದಿಯನ್ನು ಮದುವೆ ಪತ್ರಿಕೆಯ ಜೊತೆ ಬೀರುವಿನಲ್ಲಿ ಇಡುತ್ತಿದ್ದರು.

ಚೇತಕ್ ಮಾರುಕಟ್ಟೆಗೆ ಬಂದದ್ದು 1972ರಲ್ಲಿ. ಹೆಸರು ಮಹಾರಾಣಾ ಪ್ರತಾಪನ ಕುದುರೆಯದು, ದೇಹ ಇಟಲಿಯ ವೆಸ್ಪಾದ್ದು. ವೆಸ್ಪಾ ರೂಪಿಸಿದ ಕೊರಾದಿನೊ ದಸ್ಕಾನಿಯೊ ವಿಮಾನದ ಎಂಜಿನಿಯರ್. ಅವರಿಗೆ ಮೋಟರ್‌ಸೈಕಲ್ ಕಂಡರೆ ಆಗುತ್ತಿರಲಿಲ್ಲವಂತೆ. ಹಾಗಾಗಿ ಇಂಜಿನ್ನನ್ನು ಬಟ್ಟೆಗೆ ತಾಗದ ಹಾಗೆ ಹಿಂದೆ ಬಲಗಡೆ ಬಚ್ಚಿಟ್ಟರು. ಕಬ್ಬಿಣದ ತಗಡನ್ನೇ ಬಗ್ಗಿಸಿ ಇಡೀ ಮೈ ಮಾಡಿದರು. 1946ರಲ್ಲಿ ಪೇಟೆಂಟ್ ಪಡೆದ ಆ ಲೆಕ್ಕಾಚಾರವೇ ನಮ್ಮ ಮನೆಯ ಕಾಂಪೌಂಡಿನಲ್ಲಿ, ಟಾರ್ಪಾಲಿನ ಕೆಳಗೆ ನಿಂತಿತ್ತು.

ಎರಡು ವರ್ಷದಿಂದ ಗಾಡಿ ಹೊಗೆ ಬಿಡುತ್ತಿತ್ತು. ಟೂ ಸ್ಟ್ರೋಕ್ ಅಂದಮೇಲೆ ಸ್ವಲ್ಪ ಹೊಗೆ ಇದ್ದದ್ದೇ. ಇದು ಹಾಗಲ್ಲ. ಸ್ಟಾರ್ಟ್ ಮಾಡಿ ಐದು ನಿಮಿಷವಾದರೂ ಬೀದಿಯೆಲ್ಲ ಬಿಳಿ. ಎದುರು ಮನೆಯ ಆಂಟಿ ಕಿಟಕಿ ಮುಚ್ಚುವಷ್ಟು. ಏರಿಯಾದ ಒಂದು ಗ್ಯಾರೇಜಿನಲ್ಲಿ ತೋರಿಸಿದಾಗ ಹೊರಗಿನಿಂದಲೇ ನೋಡಿ, "ಬೋರ್ ಹೋಗಿದೆ ಸಾರ್, ಪಿಸ್ಟನ್ ಸೆಟ್ ಹಾಕ್ಬೇಕು, ಅಷ್ಟು ಖರ್ಚು ಮಾಡೋ ಬದಲು ಕೊಟ್ಬಿಡಿ" ಅಂದರು.

ಇತ್ತ ನೋಂದಣಿ ನವೀಕರಣದ ದಿನ ಹತ್ತಿರ ಬರುತ್ತಿತ್ತು. ಸ್ವಂತದ ಗಾಡಿಗೆ ಮೊದಲು 15 ವರ್ಷ, ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಬೇಕು. ಹೊಗೆ ತಪಾಸಣೆಯ ಚೀಟಿ ಬೇಕು. ಈ ಹೊಗೆಯಲ್ಲಿ ಚೀಟಿ ಸಿಗೋ ಮಾತೇ ಇಲ್ಲ. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ರೇಟು ಹೇಳಿ ಹೋಗಿದ್ದ.

ಅಪ್ಪ ನನ್ನ ಮುಖ ನೋಡದೆ, ಪೇಪರ್ ನೋಡುತ್ತಾ ಹೇಳಿದ್ದರು: "ಕೊಟ್ಬಿಡೋ. ಹೊಗೆ ಬಿಡೋ ಗಾಡಿ ಇಟ್ಕೊಂಡು ಏನ್ ಮಾಡ್ತೀಯ?"

ಅಮ್ಮ ಅಡುಗೆಮನೆಯಿಂದ, "ಅವರು ಬಾಯಲ್ಲಿ ಹೇಳ್ತಾರೆ ಅಷ್ಟೇ. ನಿನ್ನೆ ರಾತ್ರಿ ಟಾರ್ಪಾಲ್ ಸರಿ ಮಾಡಿ ಬಂದವರು ಯಾರು ಕೇಳು" ಅಂದರು.

ಮೂಗಿನಿಂದ ನಡೆದ ಪರೀಕ್ಷೆ

ಜೆ.ಸಿ. ರೋಡಿನಿಂದ ಒಳಗೆ ಹೋಗುವ ಅಡ್ಡರಸ್ತೆಗಳಲ್ಲಿ ಇನ್ನೂ ಕೆಲವರು ಹಳೇ ಸ್ಕೂಟರ್ ಮಾತ್ರ ಮುಟ್ಟುವವರಿದ್ದಾರೆ. ಬೋರ್ಡಿಲ್ಲ, ಬಿಲ್ಲಿಲ್ಲ. ಒಂದು ಷಟರ್, ಎರಡು ಮರದ ಮಣೆ, ಗೋಡೆಗೆ ಹೊಡೆದ ಮೊಳೆಗಳಲ್ಲಿ ಸಾಲಾಗಿ ಸ್ಪ್ಯಾನರುಗಳು. ಗೆಳೆಯನೊಬ್ಬ ಕಳಿಸಿದ ಲೊಕೇಶನ್ ಹಿಡಿದು ಹೋದರೆ ಸಿಕ್ಕವರು ಅರವತ್ತು ದಾಟಿದ ಒಬ್ಬ ಮೆಕ್ಯಾನಿಕ್. ಎಲ್ಲರೂ ಅವರನ್ನು ಭಾಯ್ ಅಂತಲೇ ಕರೆಯೋದು.

ಭಾಯ್ ಮೊದಲು ಸ್ಕೂಟರನ್ನು ಸ್ಟಾರ್ಟ್ ಮಾಡಲಿಲ್ಲ. ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದರು. ಕಪ್ಪಗೆ, ಒದ್ದೆಯಾಗಿ, ಎಣ್ಣೆ ಸುರಿಯುತ್ತಿತ್ತು. ಆಮೇಲೆ ಕೆಳಗಿನ ಡ್ರೈನ್ ಬೋಲ್ಟ್ ಬಿಚ್ಚಿ ಗೇರ್ ಆಯಿಲ್ಲನ್ನು ಒಂದು ಡಬ್ಬಿಗೆ ಇಳಿಸಿದರು. ಈ ಇಂಜಿನ್ನಿಗೆ ಹಿಡಿಯೋದು ಸುಮಾರು 250 ಮಿ.ಲೀ. ಡಬ್ಬಿಗೆ ಬಿದ್ದದ್ದು ಅದರ ಅರ್ಧವೂ ಇರಲಿಲ್ಲ. ಡಬ್ಬಿಯನ್ನು ಮೂಗಿನ ಹತ್ತಿರ ತಂದು ಮೂಸಿದರು, ನನಗೂ ಮೂಸೋಕೆ ಕೊಟ್ಟರು.

"ಪೆಟ್ರೋಲ್ ವಾಸನೆ ಬರ್ತಿದೆಯಾ ಸಾರ್?"

"ಸ್ವಲ್ಪ ಬರ್ತಿದೆ ಭಾಯ್."

"ಈ ಕಡೆ ಪೆಟ್ರೋಲು ಆ ಕಡೆ ಹೋಗಿದೆ, ಆ ಕಡೆ ಎಣ್ಣೆ ಈ ಕಡೆ ಬಂದು ಸುಟ್ಟಿದೆ. ಮಧ್ಯದ ಬಾಗಿಲು ಮುರಿದಿದೆ. ಬೋರ್ ಚೆನ್ನಾಗೇ ಇರುತ್ತೆ, ನೋಡಿ ಬೇಕಾದರೆ."

ಆ ಬಾಗಿಲೇ ಆಯಿಲ್ ಸೀಲ್. ಇದನ್ನು ಅರ್ಥ ಮಾಡಿಕೊಂಡರೆ ಟೂ ಸ್ಟ್ರೋಕ್ ಇಂಜಿನ್ನಿನ ಮುಕ್ಕಾಲು ಗುಟ್ಟು ತಿಳಿದ ಹಾಗೆ. ನಾವೀಗ ಓಡಿಸುವ ಫೋರ್ ಸ್ಟ್ರೋಕ್ ಗಾಡಿಗಳಲ್ಲಿ ಸೀಲಿನ ಕೆಲಸ ಎಣ್ಣೆ ಹೊರಗೆ ಹೋಗದಂತೆ ತಡೆಯುವುದು. ಸೋರಿದರೆ ನೆಲದ ಮೇಲೆ ಕಲೆ, ಅಷ್ಟೇ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ತಿರುಗುವ ಕೋಣೆಯೇ ಒಂದು ಪಂಪು. ಪಿಸ್ಟನ್ ಮೇಲೆ ಹೋದಾಗ ಆ ಕೋಣೆ ಕಾರ್ಬೊರೇಟರಿನಿಂದ ಗಾಳಿ, ಪೆಟ್ರೋಲು, ಆಯಿಲ್ ಮೂರನ್ನೂ ಒಳಗೆ ಎಳೆದುಕೊಳ್ಳುತ್ತೆ. ಕೆಳಗೆ ಬಂದಾಗ ಅದನ್ನೇ ಒತ್ತಿ ಮೇಲಕ್ಕೆ ಕಳಿಸುತ್ತೆ. ನಿಮಿಷಕ್ಕೆ 5,000 ಸುತ್ತು ಅಂದರೆ ಸೆಕೆಂಡಿಗೆ 80ಕ್ಕೂ ಹೆಚ್ಚು ಸಲ ಎಳೆ, ಒತ್ತು, ಎಳೆ, ಒತ್ತು. ಕ್ರ್ಯಾಂಕಿನ ಎರಡು ತುದಿಗಳೂ ಈ ಕೋಣೆಯಿಂದ ಹೊರಗೆ ಬರಲೇಬೇಕು. ಒಂದು ತುದಿಗೆ ಮ್ಯಾಗ್ನೆಟ್, ಇನ್ನೊಂದಕ್ಕೆ ಕ್ಲಚ್. ಹಾಗೆ ಬರುವ ಎರಡೂ ಕಡೆ ಗಾಳಿ ತೂರದಂತೆ ಶಾಫ್ಟನ್ನು ತಬ್ಬಿ ಹಿಡಿದಿರುವುದು ಈ ಎರಡು ರಬ್ಬರ್ ಸೀಲುಗಳು.

ಕ್ಲಚ್ ಕಡೆಯದು ಹೋದರೆ ನಮ್ಮ ಗಾಡಿಯ ಕಥೆ: ಗೇರ್ ಆಯಿಲ್ ಕಡಿಮೆ, ಹೊಗೆ ಜಾಸ್ತಿ, ಪ್ಲಗ್ ಪದೇ ಪದೇ ಒದ್ದೆ. ಕೆಲವು ಸಲ ಉಲ್ಟಾ ಆಗುತ್ತೆ, ಪೆಟ್ರೋಲು ಗೇರ್‌ಬಾಕ್ಸಿಗೆ ನುಗ್ಗಿ ಆಯಿಲ್ ಮಟ್ಟ ಏರುತ್ತೆ, ತೆಳ್ಳಗಾಗುತ್ತೆ.

ಮ್ಯಾಗ್ನೆಟ್ ಕಡೆಯದು ಹೋದರೆ ಹೊಗೆ ಬರಲ್ಲ, ಅದಕ್ಕೇ ಅದು ಹೆಚ್ಚು ಅಪಾಯ. ಇಂಜಿನ್ ಹೊರಗಿನ ಗಾಳಿ ಕದ್ದು ಕುಡಿಯುತ್ತೆ. ಪೆಟ್ರೋಲಿನ ಜೊತೆ ಬರುವ ಆಯಿಲ್ಲೂ ಪಾಲಿಗೆ ಕಡಿಮೆ ಬೀಳುತ್ತೆ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತೆ, ಸ್ಲೋ ಎಷ್ಟು ತಿರುಗಿಸಿದರೂ ನಿಲ್ಲಲ್ಲ. ಓಡಿಸುವವರಿಗೆ ಗಾಡಿ ಜೋರಾಗಿದೆ ಅಂತ ಖುಷಿ. ಒಳಗೆ ಕಾವೇರಿ ಪಿಸ್ಟನ್ ಹಿಡಿದುಕೊಳ್ಳುತ್ತೆ. ಓಡುವಾಗ ಹಾಗಾದರೆ ಹಿಂದಿನ ಚಕ್ರವೇ ಲಾಕ್. ಆ ಕ್ಷಣಕ್ಕೆ ಮಾಡಬೇಕಾದದ್ದು ಒಂದೇ, ಕ್ಲಚ್ ಹಿಡಿಯೋದು.

ಒಂದು ದಿನದ ಕೆಲಸ

ಮ್ಯಾಗ್ನೆಟ್ ಕಡೆಯ ಸೀಲನ್ನು ಇಂಜಿನ್ ಇಳಿಸದೆ ಹೊರಗಿನಿಂದಲೇ ಬದಲಿಸಬಹುದು. ಕ್ಲಚ್ ಕಡೆಯದು ಬೇರಿಂಗಿನ ಹಿಂದೆ ಒಳಗೆ ಕೂತಿರುತ್ತೆ. ಅದಕ್ಕೆ ಇಂಜಿನ್ ಇಳಿಸಿ, ಎರಡು ಹೋಳು ಮಾಡಲೇಬೇಕು. ನೂರಿನ್ನೂರು ರೂಪಾಯಿಯ ಸಾಮಾನು, ಒಂದು ಇಡೀ ದಿನದ ಕೂಲಿ. ಬಹಳ ಜನ ಇಲ್ಲೇ ಸೋತು ಗುಜರಿಯವನಿಗೆ ಫೋನ್ ಮಾಡೋದು.

ಭಾಯ್ ಮತ್ತು ಅವರ ಹುಡುಗ ಕೆಲಸ ಶುರು ಮಾಡಿದರು. ಚೇತಕ್ ಇಂಜಿನ್ ಇಳಿಸೋದು ನೋಡೋಕೇ ಒಂದು ಚಂದ. ಗೇರಿನ ಎರಡು ಕೇಬಲ್ಲು, ಕ್ಲಚ್ಚು, ಬ್ರೇಕು, ಆಕ್ಸಿಲರೇಟರು, ಚೋಕು, ಪೆಟ್ರೋಲ್ ಪೈಪು, ನಾಲ್ಕು ವೈರು. ಇವಿಷ್ಟು ಕಳಚಿದ ಮೇಲೆ ಹಿಂದಿನ ಶಾಕ್ ಅಬ್ಸಾರ್ಬರಿನ ಬೋಲ್ಟು, ಮುಂದಿನ ಉದ್ದನೆಯ ಬೋಲ್ಟು. ಇಡೀ ಇಂಜಿನ್ನು ಚಕ್ರದ ಸಮೇತ ಹಿಂದಕ್ಕೆ ಜಾರಿ ಬರುತ್ತೆ.

ಮೊದಲು ಫ್ಯಾನ್ ಕವರ್, ಆಮೇಲೆ ಮ್ಯಾಗ್ನೆಟ್. ನಟ್ಟು ಬಿಚ್ಚಿ ಪುಲ್ಲರ್ ಹಾಕಿ ಎಳೆದರು. ಸುತ್ತಿಗೆ ಪೆಟ್ಟು ಹಾಕಲಿಲ್ಲ. ಶಾಫ್ಟಿನ ಮೇಲಿನ ಸಣ್ಣ ಅರ್ಧಚಂದ್ರದ ಕೀಯನ್ನು ತೆಗೆದು ಹುಡುಗನ ಅಂಗೈಗೆ ಹಾಕಿ, "ಇದು ಕಳೆದರೆ ಇವತ್ತು ಊಟ ಇಲ್ಲ" ಅಂದರು. ಕಾಯಿಲ್ ಪ್ಲೇಟ್ ಬಿಚ್ಚುವ ಮುಂಚೆ ಪ್ಲೇಟಿಗೂ ಕೇಸಿಗೂ ಸೇರಿಸಿ ಚೂಪು ಮೊಳೆಯಿಂದ ಒಂದು ಗೀಟು. ಮತ್ತೆ ಕೂರಿಸುವಾಗ ಗೀಟಿಗೆ ಗೀಟು ಸೇರಿದರೆ ಟೈಮಿಂಗ್ ತಪ್ಪಲ್ಲ.

ಹೆಡ್ಡು, ಸಿಲಿಂಡರು, ಪಿಸ್ಟನ್ನು ಹೊರಬಂದವು. ಭಾಯ್ ಸಿಲಿಂಡರ್ ಒಳಗೆ ಬೆರಳಾಡಿಸಿ ನನ್ನ ಕಡೆ ತಳ್ಳಿದರು. ಗೀರಿಲ್ಲ. "ಬೋರ್ ಹೋಗಿದೆಯಂತೆ!" ಅಂತ ನಕ್ಕರು. ಕ್ಲಚ್ ಬಿಚ್ಚಿ, ಕೇಸಿನ ನಟ್ಟುಗಳನ್ನೆಲ್ಲ ಸಡಿಲಿಸಿ, ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ಸುತ್ತಲೂ ತಟ್ಟುತ್ತಾ ಹೋದರು. ಎರಡು ಹೋಳಿನ ನಡುವೆ ಸ್ಕ್ರೂಡ್ರೈವರ್ ತುರುಕಿ ಎಬ್ಬುವುದು ಸುಲಭ. ಆದರೆ ಆ ಅಲ್ಯೂಮಿನಿಯಂ ಮುಖಕ್ಕೆ ಒಂದು ಗಾಯವಾದರೆ ಜೀವಮಾನವಿಡೀ ಅಲ್ಲಿಂದ ಗಾಳಿ. ಹಳೇ ಸೀಲ್ ಹೊರಗೆ ಬಂದಾಗ ಅದು ರಬ್ಬರ್ ಅಂತ ಹೇಳೋಕಾಗಲ್ಲ. ಉಗುರಿನಿಂದ ಒತ್ತಿದರೆ ಹಪ್ಪಳದಂತೆ ಮುರಿಯಿತು.

ಯಾಕೆ ಹೀಗಾಗುತ್ತೆ? ವಯಸ್ಸು, ಬಿಸಿ, ಮತ್ತು ಓಡಿಸದೇ ನಿಲ್ಲಿಸೋದು. ಇವು ಹಳೇ ಕಾರಣಗಳು. ಹೊಸದೊಂದು ಸೇರಿದೆ, ಪೆಟ್ರೋಲಿನಲ್ಲಿರುವ ಎಥನಾಲ್. ಶೇ 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿಗೆ ದೇಶದಲ್ಲಿ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿಯಲ್ಲಿ, ಇದೇ ಬೆಂಗಳೂರಿನಲ್ಲಿ. ಹೊಸ ಗಾಡಿಗಳನ್ನು ಅದಕ್ಕೆ ತಕ್ಕಂತೆ ಮಾಡಿರುತ್ತಾರೆ. 1985ರ ರಬ್ಬರಿಗೆ ಎಥನಾಲ್ ಒಗ್ಗಲ್ಲ. ಉಬ್ಬುತ್ತೆ, ಮೆತ್ತಗಾಗುತ್ತೆ, ಒಣಗಿದ ಮೇಲೆ ಬಿರುಕು ಬಿಡುತ್ತೆ.

"ಹಳೇ ಪೀಸ್ ತಂದಿದ್ದೀರಾ?"

ಹಳೇ ಸೀಲುಗಳನ್ನು ಪೇಪರಿನಲ್ಲಿ ಸುತ್ತಿ ಕೊಟ್ಟು, "ಇದೇ ನಂಬರ್ ನೋಡಿ ತನ್ನಿ" ಅಂತ ನನ್ನನ್ನು ರಸ್ತೆಗೆ ಅಟ್ಟಿದರು. ಜೆ.ಸಿ. ರೋಡಿನ ಅಂಗಡಿಗಳಲ್ಲಿ ಕೇಳುವ ಪ್ರಶ್ನೆ ಮೂರು. ಯಾವ ಗಾಡಿ? ಯಾವ ವರ್ಷ? ಹಳೇ ಪೀಸ್ ತಂದಿದ್ದೀರಾ? ಮೂರನೆಯದಕ್ಕೆ ಹೌದು ಅಂದರೆ ಮೊದಲಿನ ಎರಡು ಬೇಕಿಲ್ಲ. ಸೀಲಿನ ಮೇಲೆ ಸಾಮಾನ್ಯವಾಗಿ ಮಿಲಿಮೀಟರಿನಲ್ಲಿ ಮೂರು ಅಂಕಿ ಇರುತ್ತೆ: ಒಳಗಿನ ಅಗಲ, ಹೊರಗಿನ ಅಗಲ, ದಪ್ಪ. ಅದೇ ಅದರ ಆಧಾರ್ ಕಾರ್ಡು.

ಮೊದಲ ಅಂಗಡಿಯಲ್ಲಿ ಇರಲಿಲ್ಲ. "ಚೇತಕ್ ಅಂದ್ರೆ ಎಲೆಕ್ಟ್ರಿಕ್ಕಾ?" ಅಂತ ಕೌಂಟರಿನ ಹುಡುಗ ಕೇಳಿದ. ತಪ್ಪು ಅವನದಲ್ಲ. 2020ರಿಂದ ರಸ್ತೆಯಲ್ಲಿ ಅದೇ ಹೆಸರಿನ ಬ್ಯಾಟರಿ ಸ್ಕೂಟರ್ ಓಡುತ್ತಿದೆ, ಅದಕ್ಕೆ ಈ ಸೀಲೂ ಇಲ್ಲ, ಕ್ರ್ಯಾಂಕೂ ಇಲ್ಲ. ಎರಡನೇ ಅಂಗಡಿಯವರು ಅಳತೆ ನೋಡದೆಯೇ ಒಂದನ್ನು ಕೊಡೋಕೆ ಬಂದರು. ಮೂರನೆಯದರಲ್ಲಿ ಹಣೆಗೆ ವಿಭೂತಿ ಇಟ್ಟ ಹಿರಿಯರೊಬ್ಬರು ನನ್ನ ಪೊಟ್ಟಣ ಬಿಚ್ಚಿ, ಕನ್ನಡಕ ಮೇಲೆತ್ತಿ, ಏನೂ ಮಾತಾಡದೆ ಏಣಿ ಹತ್ತಿದರು. ಮೇಲಿನ ಕಪಾಟಿನಿಂದ ಎರಡು ಬಗೆ ತಂದಿಟ್ಟರು.

"ಕಪ್ಪು ಮಾಮೂಲಿ ರಬ್ಬರ್. ಈ ಕಂದು ಬಣ್ಣದ್ದು ವೈಟಾನ್, ಬಿಸಿಗೂ ಈಗಿನ ಪೆಟ್ರೋಲಿಗೂ ತಡೆಯುತ್ತೆ. ರೇಟು ಜಾಸ್ತಿ. ಬಣ್ಣ ನೋಡಿ ಮಾತ್ರ ತಗೋಬೇಡಿ, ಪ್ಯಾಕೆಟ್ ಮೇಲೆ ಓದ್ಕೊಳ್ಳಿ."

ಓದಿಕೊಂಡು ಕಂದು ಬಣ್ಣದ್ದನ್ನೇ ತಗೊಂಡೆ. ಜೊತೆಗೆ ಗ್ಯಾಸ್ಕೆಟ್ ಸೆಟ್ಟು, ಎರಡು ಬೇರಿಂಗು. ಇಂಜಿನ್ ಬಿಚ್ಚಿದ ಮೇಲೆ ಬೇರಿಂಗು ಬಿಟ್ಟು ಸೀಲ್ ಮಾತ್ರ ಹಾಕುವುದು ಜಾಣತನವಲ್ಲ. ಬೇರಿಂಗ್ ಸವೆದು ಕ್ರ್ಯಾಂಕ್ ಅಲ್ಲಾಡಿದರೆ ಹೊಸ ಸೀಲೂ ಬೇಗ ಹರಿಯುತ್ತೆ. ಬಿಲ್ ಬರೆಯುತ್ತಾ ಹಿರಿಯರು, "ಮೊದಲೆಲ್ಲ ದಿನಕ್ಕೆ ಎಷ್ಟು ಸೆಟ್ ಹೋಗ್ತಿತ್ತು ಅಂತ ಲೆಕ್ಕ ಇಡ್ತಿರಲಿಲ್ಲ. ಈಗ ಯಾರು ತಗೊಂಡ್ರು ಅಂತ ಮುಖ ನೆನಪಿರುತ್ತೆ" ಅಂದರು.

ಕೂರಿಸುವ ಹೊತ್ತು

ಮಧ್ಯಾಹ್ನ ಊಟವಾದ ಮೇಲೆ ಭಾಯ್ ಕೆಲಸ ನಿಧಾನವಾಯಿತು. ಕಳಚುವಾಗ ಇದ್ದ ವೇಗ ಕೂರಿಸುವಾಗ ಇಲ್ಲ. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಶಾಫ್ಟಿನ ಮೇಲೆ ಉಗುರು ಎಳೆದು ನೋಡಿದರು. ಅಲ್ಲಿ ಗಾಡಿ ಬಿದ್ದಿದ್ದರೆ, ಅಂದರೆ ಆಳವಾದ ಗೆರೆ ಇದ್ದರೆ, ಎಂಥ ಸೀಲ್ ಹಾಕಿದರೂ ಸೋರುತ್ತೆ. ನಮ್ಮದರಲ್ಲಿ ಉಗುರು ತಡೆಯಲಿಲ್ಲ. ನಯವಾದ ಎಮರಿ ಪೇಪರಿನಿಂದ ಎರಡು ಸುತ್ತು ಒರೆಸಿದರು.

ಹೊಸ ಸೀಲಿನ ತುಟಿಗೆ ಗ್ರೀಸ್. ಒಣ ತುಟಿ ಮೊದಲ ನಿಮಿಷದಲ್ಲೇ ಸುಟ್ಟುಹೋಗುತ್ತೆ. ಕೀ ಕೂರುವ ಗಾಡಿಯ ಮೇಲೆ ಒಂದು ಸುತ್ತು ಟೇಪು, ಇಲ್ಲದಿದ್ದರೆ ಅದರ ಅಂಚೇ ತುಟಿಯನ್ನು ಕೊಯ್ಯುತ್ತೆ. ಮ್ಯಾಗ್ನೆಟ್ ಕಡೆಯ ಸೀಲಿನಲ್ಲಿ ಸ್ಪ್ರಿಂಗ್ ಇರುವ ಬಾಯಿ ಒಳಕ್ಕೆ, ಕ್ರ್ಯಾಂಕ್ ಕಡೆಗೆ. ಅದೇ ಅಳತೆಯ ಸಾಕೆಟ್ ಇಟ್ಟು ಓರೆಯಾಗದಂತೆ ಟಕ್, ಟಕ್ ಅಂತ ಸಣ್ಣ ಪೆಟ್ಟು. ನೀವೇ ಮಾಡುವವರಾದರೆ ಒಂದು ಮಾತು: ಹಳೆಯದು ತೆಗೆಯುವ ಮೊದಲು ಯಾವ ಮುಖ ಯಾವ ಕಡೆ ಇತ್ತು ಅಂತ ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ.

ದೀಪ ಹಾಕುವ ಹೊತ್ತಿಗೆ ಇಂಜಿನ್ ಮತ್ತೆ ಮೈಗೆ ಸೇರಿತ್ತು. 250 ಮಿ.ಲೀ. ಹೊಸ ಗೇರ್ ಆಯಿಲ್. ಟ್ಯಾಂಕಿಗೆ ಲೀಟರಿಗೆ 20 ಮಿ.ಲೀ. ಲೆಕ್ಕದಲ್ಲಿ ಟೂ ಟಿ ಆಯಿಲ್ ಬೆರೆಸಿದ ಪೆಟ್ರೋಲು. ಭಾಯ್ ಹಳೇ ಪದ್ಧತಿಯಂತೆ ಸ್ಕೂಟರನ್ನು ಬಲಕ್ಕೆ ಓರೆ ಮಾಡಿ, ಎತ್ತಿ, ಒದ್ದರು. ಎರಡನೇ ಒದೆಗೆ ಎದ್ದಿತು. ಸೈಲೆನ್ಸರಿನಲ್ಲಿ ಉಳಿದಿದ್ದ ಹಳೇ ಎಣ್ಣೆ ಸುಟ್ಟು ಹತ್ತು ನಿಮಿಷ ಹೊಗೆ. ಆಮೇಲೆ ತೆಳುವಾಗುತ್ತಾ ಹೋಗಿ, ನೋಡಬೇಕು ಅಂತ ನೋಡಿದರೆ ಮಾತ್ರ ಕಾಣುವಷ್ಟಾಯಿತು. ಆಕ್ಸಿಲರೇಟರ್ ಬಿಟ್ಟ ಕೂಡಲೇ ಇಂಜಿನ್ ಇಳಿದು ಡುಗು ಡುಗು ಅಂತ ನಿಂತಿತು.

ಸಾವನದುರ್ಗದವರೆಗೆ

ಮುಂದಿನ ಭಾನುವಾರ ಅಪ್ಪನನ್ನು ಹಿಂದೆ ಕೂರಿಸಿಕೊಂಡು ಮಾಗಡಿ ರಸ್ತೆ ಹಿಡಿದೆ. ಊರು ಬಿಟ್ಟ ಮೇಲೆ ರಾಗಿ ಹೊಲ, ಮಾವಿನ ತೋಪು, ದೂರದಲ್ಲಿ ಸಾವನದುರ್ಗದ ಬೋಳು ಬಂಡೆ. ಏರಿನಲ್ಲಿ ಇಬ್ಬರನ್ನು ಹೊತ್ತು ಮೂರನೇ ಗೇರಿನಲ್ಲಿ 145 ಸಿ.ಸಿ. ಇಂಜಿನ್ ಎಳೆಯುವಾಗ ಗೊತ್ತಾಗುತ್ತೆ ಸೀಲ್ ಕೆಲಸ ಹೇಗಾಗಿದೆ ಅಂತ. ಬೆಟ್ಟದ ಬುಡದಲ್ಲಿ ನಿಲ್ಲಿಸಿ ಪ್ಲಗ್ ಬಿಚ್ಚಿದೆ. ಬೆಳ್ಳಗಿದ್ದರೆ ಗಾಳಿ ಹೆಚ್ಚು, ಕಪ್ಪಗೆ ಒದ್ದೆಯಿದ್ದರೆ ಎಣ್ಣೆ ಹೆಚ್ಚು. ನಮ್ಮದು ಫಿಲ್ಟರ್ ಕಾಫಿ ಬಣ್ಣ.

ಅಪ್ಪ ಪ್ಲಗ್ ಇಸಕೊಂಡು ನೋಡಿ, "ಆಗ ನಾನೇ ಕ್ಲೀನ್ ಮಾಡ್ತಿದ್ದೆ ಇದನ್ನ" ಅಂದರು. ವಾಪಸ್ ಬರುವಾಗ ಐದಾರು ಕಿಲೋಮೀಟರ್ ತಾವೇ ಓಡಿಸುತ್ತೇನೆ ಅಂದರು. ಓಡಿಸಿದರು. ಎಡಗೈ ಗೇರು ಮರೆತಿರಲಿಲ್ಲ.

ಹೊಗೆ ತಪಾಸಣೆಯ ಚೀಟಿ ಸಿಕ್ಕಿತು, ಇನ್ನೈದು ವರ್ಷಕ್ಕೆ ನೋಂದಣಿಯೂ ಆಯಿತು. ಹಾಗಂತ ಟೂ ಸ್ಟ್ರೋಕ್ ಒಳ್ಳೇದು ಅಂತ ನಾನು ಹೇಳಲ್ಲ. ಸರಿಯಾಗಿರುವ ಟೂ ಸ್ಟ್ರೋಕ್ ಕೂಡ ಈಗಿನ ಗಾಡಿಗಿಂತ ಹೆಚ್ಚು ಕೊಳಕು ಗಾಳಿ ಬಿಡುತ್ತೆ. ಆಫೀಸಿಗೆ ನಾನು ಮೆಟ್ರೋದಲ್ಲೇ ಹೋಗೋದು. ಚೇತಕ್ ಹೊರಬರುವುದು ತಿಂಗಳಿಗೆ ಎರಡು ಭಾನುವಾರ. ಅಷ್ಟಾದರೂ ಓಡಬೇಕು, ನಿಂತರೆ ಸೀಲ್ ಮತ್ತೆ ಒಣಗುತ್ತೆ.

ನಿಮ್ಮ ಊರಿನ ಮನೆಯಲ್ಲೂ ಇಂಥದೊಂದು ಗಾಡಿ ಟಾರ್ಪಾಲಿನ ಕೆಳಗೆ ಇರಬಹುದು. ಮಾರುವ ಮೊದಲು ಗೇರ್ ಆಯಿಲ್ ಇಳಿಸಿ ಅಳೆಯಿರಿ, ಒಂದು ಸಲ ಮೂಸಿ ನೋಡಿ. ಜೆ.ಸಿ. ರೋಡಿಗೆ ಬರುವುದಾದರೆ ಹಸಿರು ಮಾರ್ಗದ ಮೆಟ್ರೋದಲ್ಲಿ ನ್ಯಾಷನಲ್ ಕಾಲೇಜು ಅಥವಾ ಕೆ.ಆರ್. ಮಾರುಕಟ್ಟೆ ನಿಲ್ದಾಣದಲ್ಲಿ ಇಳಿದು ನಡೆಯಿರಿ, ಪಾರ್ಕಿಂಗ್ ಜಂಜಾಟ ಬೇಡ. ಭಾನುವಾರ ಬಹುತೇಕ ಅಂಗಡಿ ಮುಚ್ಚಿರುತ್ತೆ, ಶನಿವಾರ ಬೆಳಗ್ಗೆ ಬನ್ನಿ. ಹಳೇ ಪೀಸ್ ಮರೆಯಬೇಡಿ. ಏಣಿ ಹತ್ತಿ ಹುಡುಕಿ ಕೊಡುವ ಹಿರಿಯರು ಇನ್ನೂ ಕೌಂಟರಿನಲ್ಲಿ ಕೂತಿದ್ದಾರೆ.